ಎರಡನೆಯ ಓಟಗಾರ ದಂಡವಲ್ಲ

ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಆಪ್ಷನ್ ಆಟವನ್ನೇ ನೆಚ್ಚಿಕೊಂಡ ತಂಡಗಳ ಬಗ್ಗೆ ಒಂದು ವಾದ ಆಗಾಗ ಕೇಳಿಬರುತ್ತದೆ. ಒಬ್ಬ ಒಳ್ಳೆಯ ರನ್ನಿಂಗ್ ಬ್ಯಾಕ್ ಇದ್ದರೆ ಸಾಕು, ಚೆಂಡನ್ನು ಅವನ ಕೈಗೇ ಮತ್ತೆ ಮತ್ತೆ ಕೊಡಿ. ಫುಲ್‌ಬ್ಯಾಕ್, ಹಾಫ್‌ಬ್ಯಾಕ್ ಎಂದು ಕ್ವಾರ್ಟರ್‌ಬ್ಯಾಕಿನ ಬೆನ್ನ ಹಿಂದೆ ಜನ ತುಂಬಿಸುವುದು ಹಳೆಯ ಕಾಲದ ಚಾಳಿ. ಆ ಜಾಗಕ್ಕೆ ಇನ್ನೊಬ್ಬ ರಿಸೀವರ್ ಬಂದರೆ ಲಾಭ. ಹೀಗೆನ್ನುವವರು ಆಟ ತಿಳಿಯದವರಲ್ಲ, ಅಂಕಿಅಂಶ ಮುಂದಿಟ್ಟುಕೊಂಡೇ ಮಾತಾಡುತ್ತಾರೆ. ಆದರೆ ಅವರ ಲೆಕ್ಕದ ಪುಸ್ತಕದಲ್ಲಿ ಇರುವುದು ಚೆಂಡು ಹಿಡಿದು ಓಡಿದವನ ಹೆಸರು ಮಾತ್ರ. ಆಪ್ಷನ್ ಆಟದ ಅರ್ಧ ದುಡಿಮೆ ಚೆಂಡು ಸಿಗದವನದು.

ಆಟದ ಕಟ್ಟು ಮೊದಲು ನೋಡೋಣ. ಟ್ರಿಪಲ್ ಆಪ್ಷನ್‌ನಲ್ಲಿ ಚೆಂಡು ಕೈಗೆ ಬಂದೊಡನೆ ಕ್ವಾರ್ಟರ್‌ಬ್ಯಾಕ್ ಅದನ್ನು ನೇರ ಮುನ್ನುಗ್ಗುವ ಫುಲ್‌ಬ್ಯಾಕಿನ ಹೊಟ್ಟೆಗೆ ಒತ್ತುತ್ತಾನೆ, ಕೈ ಮಾತ್ರ ಬಿಡುವುದಿಲ್ಲ. ಎದುರು ಸಾಲಿನಲ್ಲಿ ಒಬ್ಬನನ್ನು ಬೇಕೆಂದೇ ಯಾರೂ ತಡೆದಿರುವುದಿಲ್ಲ. ಕ್ವಾರ್ಟರ್‌ಬ್ಯಾಕಿನ ಕಣ್ಣು ಅವನ ಮೇಲೆ. ಅವನು ಫುಲ್‌ಬ್ಯಾಕಿನ ಮೇಲೆ ಬಿದ್ದರೆ ಚೆಂಡನ್ನು ಹಿಂದಕ್ಕೆಳೆದುಕೊಂಡು ಅಂಚಿನ ಕಡೆ ಓಡುವುದು. ಬೀಳದಿದ್ದರೆ ಚೆಂಡು ಫುಲ್‌ಬ್ಯಾಕಿಗೇ. ಅಂಚಿನಲ್ಲಿ ತಡೆಯದೆ ಬಿಟ್ಟ ಇನ್ನೊಬ್ಬ ಕಾದಿರುತ್ತಾನೆ. ಅವನು ಕ್ವಾರ್ಟರ್‌ಬ್ಯಾಕಿನ ಮೇಲೆ ಬಂದರೆ, ಹೊರಬದಿಯಲ್ಲಿ ಓಡಿಬರುತ್ತಿರುವ ಬ್ಯಾಕಿಗೆ ಪಿಚ್. ಬರದಿದ್ದರೆ ಕ್ವಾರ್ಟರ್‌ಬ್ಯಾಕ್ ತಾನೇ ನುಗ್ಗುತ್ತಾನೆ. ತಡೆಯದೆ ಬಿಟ್ಟವರು ಇಬ್ಬರು. ಅವರನ್ನು ತಡೆಯಬೇಕಿದ್ದ ನಮ್ಮ ಇಬ್ಬರು ಈಗ ಬೇರೆಯವರನ್ನು ಕೆಡವಲು ಬಿಡುವಾದರು. ಆ ಇಬ್ಬರ ಉಳಿತಾಯವೇ ಆಪ್ಷನ್ನಿನ ಬಂಡವಾಳ. ಅದು ಕೈಗೆ ಹತ್ತಬೇಕಾದರೆ ಒಳಗೆ ನುಗ್ಗುವವನೂ ಹೊರಗೆ ಓಡುವವನೂ ಇಬ್ಬರೂ ಎದುರಾಳಿಗೆ ಭಯ ಹುಟ್ಟಿಸಬೇಕು. ಆದ್ದರಿಂದ ಓಟಗಾರರನ್ನು ಒಬ್ಬೊಬ್ಬರನ್ನಾಗಿ ತೂಗಬಾರದು, ಜೋಡಿಯಾಗಿ ತೂಗಬೇಕು. ವ್ಯೂಹವನ್ನು ಆ ಜೋಡಿಗೆ ಹೊಂದಿಸಿ ನೋಡಬೇಕು. ಎದುರು ಪಕ್ಷದ ಆಕ್ಷೇಪಗಳಿಗೆ ಈ ನೆಲೆಯಲ್ಲಿ ನಿಂತು ಒಂದೊಂದಾಗಿ ಉತ್ತರಿಸುತ್ತೇನೆ.

1. ‘ಹೆಚ್ಚು ಸರಾಸರಿ ಇರುವವನಿಗೇ ಚೆಂಡು ಕೊಡಿ’

ಸಲಕ್ಕೆ ಒಂಬತ್ತು ಯಾರ್ಡ್ ಓಡುವ ಹಾಫ್‌ಬ್ಯಾಕ್ ಇರುವಾಗ ಐದು ಯಾರ್ಡಿನ ಫುಲ್‌ಬ್ಯಾಕಿಗೆ ಚೆಂಡು ಕೊಟ್ಟರೆ ಪ್ರತಿ ಸಲವೂ ನಾಲ್ಕು ಯಾರ್ಡ್ ನಷ್ಟ ಎಂಬುದು ಇವರ ಗಣಿತ. ಕೇಳಲು ಸರಿಯಾಗಿದೆ. ಆದರೆ ಆ ಒಂಬತ್ತು ಎಲ್ಲಿಂದ ಬಂತು?

1971ರ ಓಕ್ಲಹೋಮಾ ತಂಡ ನೋಡಿ. ಹಾಫ್‌ಬ್ಯಾಕ್ ಗ್ರೆಗ್ ಪ್ರುಯಿಟ್ ಆ ಋತುವಿನಲ್ಲಿ 1,665 ಯಾರ್ಡ್ ಓಡಿದರು, ಸರಾಸರಿ ಒಂಬತ್ತರ ಆಸುಪಾಸು. ಕ್ವಾರ್ಟರ್‌ಬ್ಯಾಕ್ ಜ್ಯಾಕ್ ಮಿಲ್ಡ್ರೆನ್ ಕೂಡ ಸಾವಿರ ಯಾರ್ಡ್ ದಾಟಿದರು. ತಂಡದ ಒಟ್ಟು ಓಟ ಪಂದ್ಯಕ್ಕೆ 472.4 ಯಾರ್ಡ್, ಆ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಪ್ರುಯಿಟ್ ಮಿಂಚಿನಂತೆ ಓಡುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಿಚ್ ಅವರ ಕೈಗೆ ಬರುತ್ತಿದ್ದುದು ಯಾವಾಗ? ಒಬ್ಬ ಎದುರಾಳಿ ಫುಲ್‌ಬ್ಯಾಕ್ ಲಿಯಾನ್ ಕ್ರಾಸ್‌ವೈಟ್ ಅವರ ಮೇಲೆ ಬಿದ್ದು, ಇನ್ನೊಬ್ಬ ಮಿಲ್ಡ್ರೆನ್ ಅವರತ್ತ ತಿರುಗಿದ ಮೇಲೆ. ಹೊರಗಿನವನಿಗೆ ಚೆಂಡು ಸಿಗುವುದೇ ಎದುರಾಳಿಯ ಇಬ್ಬರು ಕೆಲಸದಿಂದ ಕಳಚಿಕೊಂಡ ಮೇಲೆ. ಅನುಕೂಲವಿದ್ದಾಗ ಮಾತ್ರ ಓಡಿದವನ ಸರಾಸರಿಯನ್ನು, ಇಕ್ಕಟ್ಟಿನಲ್ಲೂ ಓಡಲೇಬೇಕಾದವನ ಸರಾಸರಿಯ ಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ಹೇಗೆ ತಾಳೆಯಾದೀತು?

ಒಬ್ಬನೇ ಆಟಗಾರ ಎರಡೂ ಜಾಗದಲ್ಲಿ ಆಡಿದ ಉದಾಹರಣೆ ಬೇಕೆಂದರೆ ಜಾರ್ಜಿಯಾ ಟೆಕ್‌ನಲ್ಲಿದೆ. ಪಾಲ್ ಜಾನ್ಸನ್ ಅವರ ಆ ತಂಡದಲ್ಲಿ ಆ್ಯಂಟನಿ ಆ್ಯಲೆನ್ 2009ರಲ್ಲಿ ಎ-ಬ್ಯಾಕ್, ಅಂದರೆ ಅಂಚಿನ ಓಟಗಾರ. ಸರಾಸರಿ ಒಂಬತ್ತು ಯಾರ್ಡಿಗೂ ಮೇಲೆ. 2010ರಲ್ಲಿ ಅವರನ್ನೇ ಬಿ-ಬ್ಯಾಕ್ ಮಾಡಿ ಕ್ವಾರ್ಟರ್‌ಬ್ಯಾಕಿನ ಹಿಂದೆ ನಿಲ್ಲಿಸಿದರು. ಓಟ 1,300 ಯಾರ್ಡ್ ದಾಟಿತು, ಸರಾಸರಿ ಐದೂವರೆಯ ಸುತ್ತ ಬಂದು ನಿಂತಿತು. ಆ್ಯಲೆನ್ ಅವರ ಕಾಲಿನ ಬಲ ಒಂದು ವರ್ಷದಲ್ಲಿ ಅರ್ಧವಾಯಿತೆಂದು ಯಾರೂ ಹೇಳಲಾರರು. ಬದಲಾದದ್ದು ಅವರು ನಿಂತ ಜಾಗ.

ಒಳಗಿನವನ ಐದು ಯಾರ್ಡಿಗೆ ಹೆದರದ ರಕ್ಷಣಾ ಪಡೆ ಮಾಡುವ ಮೊದಲ ಕೆಲಸ ಅವನನ್ನು ಕಂಡೂ ಕಾಣದಂತೆ ಬಿಡುವುದು. ಅವನಿಗೆಂದು ಇಟ್ಟಿದ್ದ ಆಳು ಕ್ವಾರ್ಟರ್‌ಬ್ಯಾಕಿನ ಮೇಲೆ ಹಾರುತ್ತಾನೆ, ಕ್ವಾರ್ಟರ್‌ಬ್ಯಾಕಿಗೆ ಇಟ್ಟಿದ್ದವನು ಪಿಚ್ ಹಿಡಿಯುವವನನ್ನು ಕಾಯುತ್ತಾನೆ. ಆಮೇಲೆ ಒಂಬತ್ತು ಯಾರ್ಡಿನ ಓಟಗಾರನಿಗೂ ಎರಡೇ ಯಾರ್ಡ್.

2. ‘ಆಟಗಾರರು ಚೆನ್ನಾಗಿದ್ದರೆ ವ್ಯೂಹ ಯಾವುದಾದರೇನು?’

ಇದಕ್ಕೆ ಟೆಕ್ಸಸ್ ವಿಶ್ವವಿದ್ಯಾಲಯದ 1968ರ ಋತುವೇ ಉತ್ತರ. ಕೋಚ್ ಡ್ಯಾರೆಲ್ ರಾಯಲ್ ಅವರ ಬಳಿ ಕ್ರಿಸ್ ಗಿಲ್ಬರ್ಟ್, ಟೆಡ್ ಕಾಯ್, ಸ್ಟೀವ್ ವೂಸ್ಟರ್ ಎಂಬ ಮೂವರು ಗಟ್ಟಿ ಓಟಗಾರರಿದ್ದರು. ಅವರನ್ನು ಏಕಕಾಲಕ್ಕೆ ಕಣಕ್ಕಿಳಿಸಲು ಸಹಾಯಕ ಕೋಚ್ ಎಮರಿ ಬೆಲ್ಲಾರ್ಡ್ ಕಟ್ಟಿದ್ದು ವಿಶ್‌ಬೋನ್: ಫುಲ್‌ಬ್ಯಾಕ್ ಮುಂದೆ, ಅವನ ಹಿಂದೆ ಎಡಬಲಕ್ಕೆ ಇಬ್ಬರು ಹಾಫ್‌ಬ್ಯಾಕ್‌ಗಳು. ಮೊದಲ ಪಂದ್ಯ ಹ್ಯೂಸ್ಟನ್ ವಿರುದ್ಧ 20-20 ಸಮ. ಎರಡನೆಯದು ಟೆಕ್ಸಸ್ ಟೆಕ್ ವಿರುದ್ಧ ಸೋಲು. ಓಟಗಾರರು ಆಗಲೂ ಇವರೇ. ಆಮೇಲೆ ಆದದ್ದು ಎರಡು ಬದಲಾವಣೆ. ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಜೇಮ್ಸ್ ಸ್ಟ್ರೀಟ್ ಬಂದರು. ಕ್ವಾರ್ಟರ್‌ಬ್ಯಾಕಿಗೆ ತೀರ ಅಂಟಿಕೊಂಡು ನಿಲ್ಲುತ್ತಿದ್ದ ವೂಸ್ಟರ್ ಅವರನ್ನು ಸ್ವಲ್ಪ ಹಿಂದಕ್ಕೆ ಸರಿಸಲಾಯಿತು. ಮುಂದಿನ 30 ಪಂದ್ಯಗಳನ್ನು ಟೆಕ್ಸಸ್ ಸಾಲಾಗಿ ಗೆದ್ದಿತು.

ಎಲ್ಲವೂ ಸ್ಟ್ರೀಟ್ ಅವರ ಮಹಿಮೆ ಎನ್ನುವವರಿದ್ದಾರೆ. ಅರ್ಧ ನಿಜ. ಫುಲ್‌ಬ್ಯಾಕ್ ತೀರ ಹತ್ತಿರವಿದ್ದರೆ, ಚೆಂಡು ಬಿಡಬೇಕೋ ಎಳೆದುಕೊಳ್ಳಬೇಕೋ ಎಂದು ನೋಡಲು ಯಾವ ಕ್ವಾರ್ಟರ್‌ಬ್ಯಾಕಿಗೂ ಹೊತ್ತು ಸಿಗದು. ತೀರ ದೂರವಿದ್ದರೆ ಎದುರು ಸಾಲಿಗೆ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಆ ಫುಲ್‌ಬ್ಯಾಕಿನ ಓಟದ ವೇಗಕ್ಕೆ ತಕ್ಕ ದೂರ ಯಾವುದು ಎಂದು ಹುಡುಕುವುದೇ ವ್ಯೂಹ ಕಟ್ಟುವವನ ಕೆಲಸ.

ಒಂದೊಂದು ವ್ಯೂಹ ಒಂದೊಂದು ಬಗೆಯ ಜೋಡಿಯನ್ನು ಬೇಡುತ್ತದೆ. ಹ್ಯೂಸ್ಟನ್‌ನಲ್ಲಿ ಬಿಲ್ ಯೋಮನ್ 1960ರ ದಶಕದ ನಡುವೆ ರೂಢಿಸಿದ ವೀರ್ ಆಟದಲ್ಲಿ ಬ್ಯಾಕ್‌ಗಳು ಇಬ್ಬರೇ, ಕ್ವಾರ್ಟರ್‌ಬ್ಯಾಕಿನ ಹಿಂದೆ ಎಡಬಲಕ್ಕೆ. ಆಟ ಬಲಕ್ಕೆ ಹೋದರೆ ಬಲಗಡೆಯವನು ಒಳಗೆ ನುಗ್ಗಬೇಕು, ಎಡಗಡೆಯವನು ಪಿಚ್‌ಗೆ ಓಡಬೇಕು. ಎಡಕ್ಕೆ ಹೋದರೆ ತಿರುಗುಮುರುಗು. ಹಾಗಾಗಿ ಇಲ್ಲಿ ಇಬ್ಬರಿಗೂ ಎರಡೂ ಕೆಲಸ ಬರಬೇಕು. ಒಬ್ಬ ಬರೀ ಗುದ್ದುವವನು, ಇನ್ನೊಬ್ಬ ಬರೀ ಓಡುವವನು ಆದರೆ ಯಾವ ಕಡೆ ಆಟ ಹೋಗುತ್ತದೆಂದು ಎದುರಾಳಿ ಮೊದಲೇ ಊಹಿಸುತ್ತಾನೆ. ವಿಶ್‌ಬೋನ್‌ನಲ್ಲಿ ಮೂರನೆಯವನು ಸೇರಿದ್ದರಿಂದ ಪಿಚ್ ಹಿಡಿದವನ ಮುಂದೆ ದಾರಿ ಬಿಡಿಸಲು ಒಬ್ಬ ಸಿಕ್ಕಿದ. ಕೆಲಸ ಹಂಚಿಹೋಯಿತು, ಫುಲ್‌ಬ್ಯಾಕ್ ಒಳಗಿನ ಕೆಲಸದಲ್ಲೇ ಪಳಗಬಹುದಾಯಿತು. ಅದಕ್ಕೆ ಕೊಟ್ಟ ಬೆಲೆ ಒಬ್ಬ ರಿಸೀವರ್. ಫ್ಲೆಕ್ಸ್‌ಬೋನ್ ಆ ಬೆಲೆಯನ್ನು ತಗ್ಗಿಸಿತು: ಇಬ್ಬರು ಹಾಫ್‌ಬ್ಯಾಕ್‌ಗಳನ್ನು ಮುಂಚೂಣಿಯ ಎರಡು ತುದಿಗೆ ತಂದು ನಿಲ್ಲಿಸಿ, ಬೇಕಾದಾಗ ಪಾಸ್ ಹಿಡಿಯಲೂ ಓಡುವಂತೆ ಮಾಡಿತು. ಆದರೆ ಅಲ್ಲಿ ಕ್ವಾರ್ಟರ್‌ಬ್ಯಾಕಿನ ಹಿಂದೆ ಉಳಿಯುವವನು ಒಬ್ಬನೇ, ಆದ್ದರಿಂದ ಅವನ ಮೇಲಿನ ಭಾರ ಹೆಚ್ಚು. ವ್ಯೂಹ ಯಾವುದಾದರೇನು ಎನ್ನುವವರು ಈ ಕೊಡುಕೊಳ್ಳುವಿಕೆಯನ್ನು ಒಮ್ಮೆ ಲೆಕ್ಕ ಹಾಕಲಿ.

3. ‘ನೆಬ್ರಾಸ್ಕಾ ಒಬ್ಬನೇ ಟೈಲ್‌ಬ್ಯಾಕಿನಿಂದ ಗೆಲ್ಲಲಿಲ್ಲವೇ?’

ಎದುರು ಪಕ್ಷದ ಅತಿ ಬಲವಾದ ಸಾಕ್ಷ್ಯ ಇದೇ. 1983ರಲ್ಲಿ ಟಾಮ್ ಆಸ್ಬೋರ್ನ್ ಅವರ ನೆಬ್ರಾಸ್ಕಾದ ಟೈಲ್‌ಬ್ಯಾಕ್ ಮೈಕ್ ರೋಜಿಯರ್ 2,148 ಯಾರ್ಡ್ ಓಡಿ ಹೈಸ್ಮನ್ ಪ್ರಶಸ್ತಿ ಪಡೆದರು. ಸಲಕ್ಕೆ ಏಳೂಮುಕ್ಕಾಲು ಯಾರ್ಡಿನ ಮೇಲೆ. ಐ ವ್ಯೂಹದಲ್ಲಿ ಫುಲ್‌ಬ್ಯಾಕ್ ಮತ್ತು ಟೈಲ್‌ಬ್ಯಾಕ್ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ಆಟ ಎಡಕ್ಕೆ ಹೋಗಲಿ ಬಲಕ್ಕೆ ಹೋಗಲಿ, ಪಿಚ್ ಹಿಡಿಯುವವನು ಅದೇ ಟೈಲ್‌ಬ್ಯಾಕ್. ಅಪ್ರತಿಮ ಓಟಗಾರನೊಬ್ಬ ಸಿಕ್ಕಿದ್ದರೆ ಇದಕ್ಕಿಂತ ಒಳ್ಳೆಯ ವ್ಯೂಹವಿಲ್ಲ. ಒಪ್ಪುತ್ತೇನೆ.

ಆದರೆ ಇದರಿಂದ ಫುಲ್‌ಬ್ಯಾಕ್ ಬೇಡವೆಂದು ಹೇಗಾಗುತ್ತದೆ? ಐ ವ್ಯೂಹದಲ್ಲಿ ನಿಂತವರು ಇಬ್ಬರು, ಟೈಲ್‌ಬ್ಯಾಕಿನ ಮೇಲೇ ಎಲ್ಲರ ಕಣ್ಣು. ಆ ಕಣ್ಣು ಹೊರಳಿದ ಕಡೆ ಇಲ್ಲದವನೇ ಫುಲ್‌ಬ್ಯಾಕ್. ಆಸ್ಬೋರ್ನ್ ಅವರಿಗೆ ಮುಖ್ಯ ಕೋಚ್ ಆಗಿ ಮೊದಲ ರಾಷ್ಟ್ರೀಯ ಪಟ್ಟ ಸಿಕ್ಕಿದ್ದು 1995ರ ಹೊಸವರ್ಷದ ದಿನದ ಆರೆಂಜ್ ಬೌಲ್‌ನಲ್ಲಿ, ಮಯಾಮಿಯನ್ನು 24-17ರಿಂದ ಸೋಲಿಸಿದಾಗ. ಕೊನೆಯ ಕ್ವಾರ್ಟರ್ ಶುರುವಾದಾಗ ನೆಬ್ರಾಸ್ಕಾ 9-17ರಿಂದ ಹಿಂದಿತ್ತು. ಆ ಕ್ವಾರ್ಟರ್‌ನ ಎರಡೂ ಟಚ್‌ಡೌನ್ ಬಾರಿಸಿದ್ದು ಟೈಲ್‌ಬ್ಯಾಕ್ ಲಾರೆನ್ಸ್ ಫಿಲಿಪ್ಸ್ ಅಲ್ಲ, ಫುಲ್‌ಬ್ಯಾಕ್ ಕೋರಿ ಷ್ಲೆಸಿಂಗರ್; ಎರಡೂ ಮಧ್ಯದಲ್ಲೇ ಸೀಳಿಕೊಂಡು ಹೋದ ಓಟಗಳು. ಅಂಚಿನ ಕಡೆ ಧಾವಿಸುವುದನ್ನೇ ರೂಢಿ ಮಾಡಿಕೊಂಡಿದ್ದ ಮಯಾಮಿಯ ಚುರುಕು ರಕ್ಷಕರ ನಡುವೆ ಬಾಗಿಲು ತೆರೆದುಕೊಂಡಿತ್ತು. ಒಬ್ಬನೇ ಟೈಲ್‌ಬ್ಯಾಕ್ ಎನ್ನುವವರು ಆ ಹದಿನೈದು ನಿಮಿಷವನ್ನು ತಮ್ಮ ಲೆಕ್ಕದಲ್ಲಿ ಎಲ್ಲಿ ಬರೆದುಕೊಳ್ಳುತ್ತಾರೆ?

4. ‘ಜೋಡಿ ಬೇಕೆಂದರೆ ಸರದಿಯಲ್ಲಿ ಆಡಿಸಿ’

ಸರದಿ ಬೇರೆ, ಜೋಡಿ ಬೇರೆ. ಸದರ್ನ್ ಮೆಥಡಿಸ್ಟ್‌ನ ಎರಿಕ್ ಡಿಕರ್ಸನ್ ಮತ್ತು ಕ್ರೇಗ್ ಜೇಮ್ಸ್ ಅವರನ್ನು ‘ಪೋನಿ ಎಕ್ಸ್‌ಪ್ರೆಸ್’ ಎಂದು ಹೊಗಳುವುದು ಸರಿಯೇ. 1982ರಲ್ಲಿ, ಆಪ್ಷನ್ ಕ್ವಾರ್ಟರ್‌ಬ್ಯಾಕ್ ಲ್ಯಾನ್ಸ್ ಮೆಕಿಲ್ಹೆನಿ ಜೊತೆಗೂಡಿ, ಆ ತಂಡ ಒಂದೂ ಪಂದ್ಯ ಸೋಲಲಿಲ್ಲ. ಆದರೆ ಇಬ್ಬರೂ ಹೆಚ್ಚಾಗಿ ಒಂದೇ ಜಾಗವನ್ನು ಸರದಿಯ ಮೇಲೆ ಹಂಚಿಕೊಂಡವರು. ಸರದಿಯಿಂದ ಕಾಲು ದಣಿಯುವುದಿಲ್ಲ, ಗಾಯ ಕಡಿಮೆ. ಅದು ದೊಡ್ಡ ಲಾಭವೇ. ಆದರೆ ಒಂದು ಸ್ನ್ಯಾಪ್‌ನಲ್ಲಿ ಎದುರಾಳಿ ಇಬ್ಬರಿಗೂ ಏಕಕಾಲಕ್ಕೆ ಹೆದರಬೇಕಾದ ಲಾಭ ಅದರಲ್ಲಿ ಸಿಗದು.

ಜೋಡಿ ಎಂಬುದಕ್ಕೆ ಇನ್ನೂ ಹಳೆಯ ಮಾದರಿ 1944ರಿಂದ 1946ರವರೆಗಿನ ಆರ್ಮಿ ತಂಡ. ಡಾಕ್ ಬ್ಲಾಂಚರ್ಡ್ ಒಳಗೆ ನುಗ್ಗುವವರು, ಗ್ಲೆನ್ ಡೇವಿಸ್ ಹೊರಗೆ ಓಡುವವರು. ಇಬ್ಬರೂ ಒಟ್ಟಿಗೆ ಕಣದಲ್ಲಿ. ಅದು ಟ್ರಿಪಲ್ ಆಪ್ಷನ್‌ನ ಕಾಲವಲ್ಲ ನಿಜ. ಆದರೂ ಆ ಮೂರು ಋತುಗಳಲ್ಲಿ ಆರ್ಮಿಗೆ ಸೋಲಿಲ್ಲ, ಒಂದೇ ಒಂದು ಸಮ. ಬ್ಲಾಂಚರ್ಡ್ 1945ರಲ್ಲಿ, ಡೇವಿಸ್ 1946ರಲ್ಲಿ ಹೈಸ್ಮನ್ ಗೆದ್ದರು. ಒಬ್ಬನ ಕೀರ್ತಿ ಇನ್ನೊಬ್ಬನ ಪಾಲನ್ನು ತಿನ್ನಲಿಲ್ಲ.

5. ‘ಫುಲ್‌ಬ್ಯಾಕ್ ಎಂದರೆ ದಪ್ಪ ಆಳು, ವೇಗ ಬೇಡ’

ಇದು ವಿರೋಧಿಗಳ ಮಾತಷ್ಟೇ ಅಲ್ಲ, ನನ್ನ ಪಕ್ಷದ ಕೆಲವರೂ ಹೀಗೆ ಮುಖ ನೋಡಿ ಮಣೆ ಹಾಕುತ್ತಾರೆ. ಆಪ್ಷನ್ ಫುಲ್‌ಬ್ಯಾಕಿಗೆ ಬೇಕಾದದ್ದು ಮೊದಲ ಮೂರು ಹೆಜ್ಜೆಯ ಚುರುಕು ಮತ್ತು ಚೆಂಡು ತನಗೇ ಸಿಕ್ಕಿತೋ ಇಲ್ಲವೋ ಎಂಬ ಗೊಂದಲದ ಅರೆಗಳಿಗೆಯಲ್ಲೂ ತೋಳು ಸಡಿಲಿಸದ ಶಿಸ್ತು. ಸಿಗದಿದ್ದರೆ, ಸಿಕ್ಕಿದೆ ಎಂಬಂತೆಯೇ ನುಗ್ಗಿ ಪೆಟ್ಟು ತಿನ್ನಬೇಕು. ಜಾರ್ಜಿಯಾ ಸದರ್ನ್‌ನ ಏಡ್ರಿಯನ್ ಪೀಟರ್ಸನ್ ಇದೇ ಜಾಗದಲ್ಲಿ ಆಡಿ, 1999ರಲ್ಲಿ ಕಾಲೇಜಿನ ಎರಡನೆಯ ವರ್ಷದಲ್ಲೇ ವಾಲ್ಟರ್ ಪೇಟನ್ ಪ್ರಶಸ್ತಿ ಪಡೆದರು; 1999 ಮತ್ತು 2000ದಲ್ಲಿ ತಂಡ ತನ್ನ ವಿಭಾಗದ ರಾಷ್ಟ್ರೀಯ ಪಟ್ಟ ಗೆದ್ದಿತು. ಅವರು ಗೋಡೆ ಒಡೆಯುವ ಆಳಲ್ಲ, ಸಂದಿನಲ್ಲಿ ನುಸುಳಿ ದೂರ ಓಡುವವರು. 2014ರಲ್ಲಿ ಜಾರ್ಜಿಯಾ ಟೆಕ್‌ನ ಬಿ-ಬ್ಯಾಕ್ ಜಾಗ ತುಂಬಿದ ಸಿನ್‌ಜಿನ್ ಡೇಸ್ ಮೊದಲು ಕ್ವಾರ್ಟರ್‌ಬ್ಯಾಕ್, ಆಮೇಲೆ ಎ-ಬ್ಯಾಕ್. ಮೂರೂ ಜಾಗದಿಂದ ಆಟ ನೋಡಿದವರು. ಆ ಋತುವಿನ ಕೊನೆಗೆ ಆರೆಂಜ್ ಬೌಲ್‌ನಲ್ಲಿ ತಂಡ ಮಿಸಿಸಿಪಿ ಸ್ಟೇಟನ್ನು 49-34ರಿಂದ ಮಣಿಸಿತು. ಕೋಚ್ ತಕ್ಕಡಿಯಲ್ಲಿ ತೂಗಿದ್ದು ಮೈಭಾರವನ್ನಲ್ಲ.

6. ‘ಶಾಟ್‌ಗನ್ ಬಂದಮೇಲೆ ಇದೆಲ್ಲ ಯಾಕೆ?’

ಈಗ ಕ್ವಾರ್ಟರ್‌ಬ್ಯಾಕ್ ಹಿಂದೆ ನಿಂತು ಚೆಂಡು ಪಡೆಯುತ್ತಾನೆ, ಪಕ್ಕದಲ್ಲಿ ಒಬ್ಬ ಬ್ಯಾಕ್, ಉಳಿದವರೆಲ್ಲ ಹರಡಿಕೊಂಡ ರಿಸೀವರ್‌ಗಳು. ಝೋನ್ ರೀಡ್‌ನಲ್ಲಿ ಒಬ್ಬ ಎದುರಾಳಿಯನ್ನು ತಡೆಯದೆ ಬಿಟ್ಟು ಓದಿಕೊಂಡರೆ ಸಾಕು, ಎರಡನೆಯ ಬ್ಯಾಕ್ ಅನಾವಶ್ಯಕ ಎನ್ನುತ್ತಾರೆ. ಓದುವುದು ಒಬ್ಬನನ್ನಾದರೆ ಉಳಿತಾಯವೂ ಒಬ್ಬನದೇ; ಅದು ಡಬಲ್ ಆಪ್ಷನ್. ಮೂರನೆಯ ದಾರಿ ಬೇಕಾದಾಗಲೆಲ್ಲ ಶಾಟ್‌ಗನ್ ತಂಡಗಳೂ ಸದ್ದಿಲ್ಲದೆ ಇನ್ನೊಬ್ಬನನ್ನು ಕರೆತಂದಿವೆ. ರಿಚ್ ರಾಡ್ರಿಗಸ್ ಅವರ ವೆಸ್ಟ್ ವರ್ಜೀನಿಯಾದಲ್ಲಿ 2006ರಲ್ಲಿ ಸ್ಟೀವ್ ಸ್ಲೇಟನ್ 1,744 ಯಾರ್ಡ್, ಕ್ವಾರ್ಟರ್‌ಬ್ಯಾಕ್ ಪ್ಯಾಟ್ ವೈಟ್ 1,219 ಯಾರ್ಡ್ ಓಡಿದರು. ಅವರ ಮುಂದೆ ದಾರಿ ಬಿಡಿಸಲು, ಆಗಾಗ ತಾನೇ ಚೆಂಡು ಹಿಡಿದು ನುಗ್ಗಲು ಫುಲ್‌ಬ್ಯಾಕ್ ಓವೆನ್ ಷ್ಮಿಟ್ ಇದ್ದರು. 2009ರಲ್ಲಿ ಕ್ರಿಸ್ ಆಲ್ಟ್ ಅವರ ಪಿಸ್ತೂಲ್ ವ್ಯೂಹದ ನೆವಾಡಾ ತಂಡದಲ್ಲಿ ಕಾಲಿನ್ ಕೇಪರ್ನಿಕ್, ವಾಯ್ ಟಾವಾ, ಲ್ಯೂಕ್ ಲಿಪ್ಪಿನ್‌ಕಾಟ್ ಮೂವರೂ ತಲಾ ಸಾವಿರ ಯಾರ್ಡ್ ದಾಟಿದರು. ಒಂದೇ ತಂಡದ ಮೂವರು ಹಾಗೆ ದಾಟಿದ್ದು ಉನ್ನತ ವಿಭಾಗದಲ್ಲಿ ಅದೇ ಮೊದಲು.

ಆರ್ಮಿಯ ಅನುಭವವನ್ನೂ ಸೇರಿಸಿ. 2023ರಲ್ಲಿ ಜೆಫ್ ಮಂಕೆನ್ ಶಾಟ್‌ಗನ್ ಕಡೆ ವಾಲಿದರು. ಫಲಿತಾಂಶ ಆರು ಗೆಲುವು, ಆರು ಸೋಲು. ಮರುವರ್ಷ ಹಳೆಯ ಆಪ್ಷನ್ನಿಗೆ ಮತ್ತೆ ಹೆಚ್ಚು ಜಾಗ ಕೊಟ್ಟರು. 12 ಗೆಲುವು, ಕಾನ್ಫರೆನ್ಸ್ ಪಟ್ಟ, ಓಟದಲ್ಲಿ ದೇಶಕ್ಕೇ ಮೊದಲ ಸ್ಥಾನ. ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಮತ್ತು ಓಟಗಾರ ಕಾನ್ಯೆ ಉಡೋ ಇಬ್ಬರೂ ಸಾವಿರ ದಾಟಿದರು. ಶಾಟ್‌ಗನ್ನೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆರ್ಮಿ 2024ರಲ್ಲೂ ಅದನ್ನು ಪೂರ್ತಿ ಬಿಟ್ಟಿರಲಿಲ್ಲ. ಚೆಂಡು ಎಲ್ಲಿ ನಿಂತು ಪಡೆದರೇನು, ಒಳಗಿನ ಹೆದರಿಕೆ ಹೊರಗಿನ ಹೆದರಿಕೆ ಎರಡೂ ಉಳಿಯಬೇಕು ಎಂಬುದಷ್ಟೇ ನನ್ನ ಮಾತು.

7. ‘2022ರ ನಿಯಮ ಆಪ್ಷನ್ನಿನ ಕಥೆ ಮುಗಿಸಿತು’

ಆ ವರ್ಷದಿಂದ ಮುಂಚೂಣಿಯ ಮಧ್ಯಭಾಗದ ಹೊರಗೆ ಎದುರಾಳಿಯ ಸೊಂಟದ ಕೆಳಗೆ ಬಿದ್ದು ತಡೆಯುವಂತಿಲ್ಲ. ಅಂಚಿನಲ್ಲಿ ತಮಗಿಂತ ದೊಡ್ಡ ಆಳುಗಳನ್ನು ಕಾಲಿಗೆ ಬಿದ್ದು ಕೆಡವುತ್ತಿದ್ದ ಎ-ಬ್ಯಾಕ್‌ಗಳಿಗೆ ಇದು ನೇರ ಪೆಟ್ಟು. ನೇವಿ 2022ರಲ್ಲಿ ನಾಲ್ಕೇ ಪಂದ್ಯ ಗೆದ್ದಿತು, ಕೆನ್ ನಿಯುಮಟಲೋಲೊ ಕೋಚ್ ಹುದ್ದೆ ಕಳೆದುಕೊಂಡರು. ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ.

ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು. ಅದೇ 2022ರಲ್ಲಿ, ಅದೇ ನಿಯಮದ ಕೆಳಗೆ, ಏರ್‌ಫೋರ್ಸ್ ಓಟದಲ್ಲಿ ದೇಶಕ್ಕೆ ಮೊದಲಾಗಿ 10 ಪಂದ್ಯ ಗೆದ್ದಿತು. ಫುಲ್‌ಬ್ಯಾಕ್ ಬ್ರ್ಯಾಡ್ ರಾಬರ್ಟ್ಸ್ ಒಬ್ಬರೇ 1,700 ಯಾರ್ಡ್ ದಾಟಿದರು. ನೇವಿಯೂ 2024ರಲ್ಲಿ ಆಪ್ಷನ್ನಿಗೆ ವಿಂಗ್-ಟಿ ಬೆರೆಸಿ 10 ಗೆಲುವಿಗೆ ಮರಳಿತು. ನಿಯಮ ಬದಲಿಸಿದ್ದು ಎ-ಬ್ಯಾಕಿನ ಅರ್ಹತೆಯನ್ನು: ಈಗ ಅವನು ನಿಂತೇ ತಡೆಯುವಷ್ಟು ಗಟ್ಟಿಯಿರಬೇಕು. ಅಂಚು ಬಿಗಿಯಾದಷ್ಟೂ ಒಳಗಿನ ಓಟದ ಬೆಲೆ ಏರುತ್ತದೆ. ಒಂಟಿ ಓಟಗಾರನ ಪಕ್ಷಕ್ಕೆ ಇದರಿಂದ ಏನು ಸಿಕ್ಕಿತು?

8. ‘ಪಾಸ್ ಇಲ್ಲದ ತಂಡ ಹಿಂದೆ ಬಿದ್ದರೆ ಮುಗಿಯಿತು’

ಇದಕ್ಕೆ ಚುಟುಕಾಗಿ ಉತ್ತರಿಸುತ್ತೇನೆ. 1969ರ ಡಿಸೆಂಬರ್ 6ರಂದು ಟೆಕ್ಸಸ್ ಕೊನೆಯ ಕ್ವಾರ್ಟರ್‌ಗೆ ಇಳಿದಾಗ ಆರ್ಕನ್ಸಾಸ್ 14-0 ಮುಂದಿತ್ತು. ಪಂದ್ಯ ಮುಗಿದಾಗ 15-14, ಗೆಲುವು ಟೆಕ್ಸಸ್‌ನದು. ತಿರುವು ಕೊಟ್ಟಿದ್ದು ಓಟಕ್ಕಾಗಿ ಕಾದಿದ್ದ ರಕ್ಷಕರ ತಲೆಯ ಮೇಲೆ ಸ್ಟ್ರೀಟ್ ಎಸೆದ 44 ಯಾರ್ಡಿನ ಪಾಸ್. ಜಾರ್ಜಿಯಾ ಟೆಕ್‌ನ ಡಿಮೇರಿಯಸ್ ಥಾಮಸ್ 2009ರಲ್ಲಿ ಹಿಡಿದ ಒಂದೊಂದು ಪಾಸ್ ಸರಾಸರಿ 25 ಯಾರ್ಡ್ ತಂದಿತು. ಮರುವರ್ಷ ವೃತ್ತಿಪರ ಲೀಗ್‌ನ ಮೊದಲ ಸುತ್ತಿನಲ್ಲೇ ಅವರನ್ನು ಆರಿಸಿಕೊಂಡರು. ಇತ್ತ 2013ರಲ್ಲಿ ಕೆಳ ವಿಭಾಗದ ಜಾರ್ಜಿಯಾ ಸದರ್ನ್ ಒಂದೇ ಒಂದು ಪಾಸ್ ಕೈಗೂಡದೆಯೂ ಫ್ಲೋರಿಡಾವನ್ನು ಅದರ ನೆಲದಲ್ಲೇ 26-20ರಿಂದ ಸೋಲಿಸಿತು.

ಕೊನೆಯದಾಗಿ, ಆಪ್ಷನ್ ತಂಡದ ಓಟಗಾರರನ್ನು ಆರಿಸುವ ಕ್ರಮದ ಬಗ್ಗೆ. ಮೊದಲು ಒಳಗಿನವನನ್ನು ಗೊತ್ತುಮಾಡಿ. ಅವನಿಲ್ಲದೆ ಉಳಿದ ಎರಡು ದಾರಿ ತೆರೆಯವು. ಆಮೇಲೆ ಅವನ ವೇಗಕ್ಕೆ ಕ್ವಾರ್ಟರ್‌ಬ್ಯಾಕಿನ ಕೈಯ ಲಯ ಹೊಂದುತ್ತದೆಯೇ ನೋಡಿ. ಮೂರನೆಯದಾಗಿ ಹೊರಗಿನವನು: ಪಿಚ್ ಹಿಡಿಯುವುದರ ಜೊತೆಗೆ, ಚೆಂಡು ಇನ್ನೊಂದು ಕಡೆ ಹೋದಾಗ ತಡೆಯುವ ಕೆಲಸ ಮಾಡುವನೇ ಎಂದು ಕೇಳಿ. ಇವರು ಸಿಕ್ಕಮೇಲೆ ವ್ಯೂಹ ಆರಿಸಿ. ಇಬ್ಬರೂ ಎರಡೂ ಕೆಲಸ ಬಲ್ಲವರಾದರೆ ವೀರ್, ಅಪ್ರತಿಮ ಓಟಗಾರನೊಬ್ಬನಿದ್ದರೆ ಐ, ಗಟ್ಟಿಗರು ಮೂವರಿದ್ದರೆ ವಿಶ್‌ಬೋನ್, ಅಂಚಿನವರಿಗೆ ಪಾಸ್ ಹಿಡಿಯಲೂ ಬಂದರೆ ಫ್ಲೆಕ್ಸ್‌ಬೋನ್. ಒಂಟಿ ಓಟಗಾರನ ಪಕ್ಷದವರು ಇದನ್ನು ಸುಳ್ಳಾಗಿಸಬೇಕೆಂದರೆ ಅವರು ತೋರಿಸಬೇಕಾದದ್ದು ಇನ್ನೊಬ್ಬ ಮಹಾ ಓಟಗಾರನ ಸರಾಸರಿಯನ್ನಲ್ಲ. ಒಳಗಿನ ಓಟಕ್ಕೆ ಯಾರೂ ಹೆದರದ ತಂಡವೊಂದು, ಬರೀ ಅಂಚಿನ ಒಬ್ಬನನ್ನು ನಂಬಿ, ಋತುವಿಡೀ ಟ್ರಿಪಲ್ ಆಪ್ಷನ್ ಆಡಿ ಗೆದ್ದುದನ್ನು ತೋರಿಸಲಿ. ಮೇಲೆ ಹೆಸರಿಸಿದ ತಂಡಗಳಲ್ಲಿ ಅಂಥದ್ದು ಒಂದೂ ಇಲ್ಲ.